ಮೋಹನರಾಜ ಕ್ಲಾಸು ತಗೊಂಡದ್ದು

ನಮ್ಮ ಕಡೆ ಮೇಷ್ಟರು ಕ್ಲಾಸು ತಗೊಳ್ಳುತ್ತಾರೆ, ಹುಡುಗರು ಅದರಲ್ಲಿ ಕೂತು ಆಕಳಿಸುತ್ತಾರೆ. ಅಮೆರಿಕದಲ್ಲಿ ಹುಡುಗರೇ ಕ್ಲಾಸು ತಗೊಳ್ಳುತ್ತಾರೆ. ಆಕಳಿಕೆ ಮಾತ್ರ ಎರಡೂ ಕಡೆ ಒಂದೇ. ಇಷ್ಟು ಸಣ್ಣ ವ್ಯತ್ಯಾಸದಿಂದ ಯಾರಿಗೂ ತೊಂದರೆಯಾಗಬೇಕಾಗಿರಲಿಲ್ಲ. ಆದರೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮೋಹನರಾಜನೆಂಬ ನಡುವಯಸ್ಸಿನ ಗೃಹಸ್ಥನೊಬ್ಬ ಅಮೆರಿಕದ ಮಾತನ್ನು ಕನ್ನಡದಲ್ಲಿ ಆಡಿಬಿಟ್ಟ. ಅದೂ ಹೋಳಿಗೆ ಊಟದ ನಡುವೆ ಆಡಿದ.

ಮೋಹನರಾಜ ಮೈಸೂರಿನಲ್ಲಿ ವಿಡಿಯೊ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ಸಿ.ಡಿ. ಬಂದು ಅಂಗಡಿಯನ್ನು ಮುಚ್ಚಿಸಿದ ಕಾಲಕ್ಕೆ ಸರಿಯಾಗಿ ಹೆಂಡತಿ ಪದ್ಮಿನಿಗೆ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಇವನು ಪುಟ್ಟ ಮಗಳು ಇಶಾಳನ್ನು ಒಂದು ಕೈಯಲ್ಲೂ ಪ್ರೆಷರ್ ಕುಕ್ಕರನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡು ಹಿಂದೆಯೇ ಬಂದ. ಈಗ ಶಾಲೆಯ ಹಳದಿ ಬಸ್ಸು ಓಡಿಸುತ್ತಾನೆ. ಚೆನ್ನಾಗಿಯೇ ಓಡಿಸುತ್ತಾನೆ. ಆದರೆ ಡಾಕ್ಟರುಗಳೂ ಎಂಜಿನಿಯರುಗಳೂ ತುಂಬಿದ ಕನ್ನಡ ಕೂಟದಲ್ಲಿ ಯಾರಾದರೂ "ನೀವೇನ್ ಮಾಡ್ಕೊಂಡಿದೀರಿ?" ಎಂದು ಕೇಳಿದರೆ, "ಟ್ರಾನ್ಸ್‌ಪೋರ್ಟೇಶನ್‌ನಲ್ಲಿದೀನಿ" ಎನ್ನುತ್ತಾನೆ. ಈ ಮಾತನ್ನು ಹೇಳಿಕೊಟ್ಟವನು ಷಡ್ಡಕ ಸತೀಶ. ಅಂದರೆ ಪದ್ಮಿನಿಯ ಅಕ್ಕನ ಗಂಡ, ಸಾಫ್ಟ್‌ವೇರ್ ಮ್ಯಾನೇಜರು, ಡಲ್ಲಾಸಿನ ಉತ್ತರಕ್ಕೆ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕಟ್ಟಿಸಿ ಬಾತ್‌ರೂಮುಗಳನ್ನು ತೋರಿಸಲೆಂದೇ ನೆಂಟರನ್ನು ಕರೆಯುವವನು.

ಈ ಬಸ್ಸಿನ ಡಿಪೋದಲ್ಲಿ ವರ್ಷದ ಕೊನೆಗೆ ಒಂದು ಜಾಗ ಖಾಲಿಯಾಗುವುದಿತ್ತು. ಯಾವ ಬಸ್ಸು ಯಾವ ಬೀದಿಯಲ್ಲಿ ಯಾವ ಮಗುವನ್ನು ಹತ್ತಿಸಿಕೊಳ್ಳಬೇಕು ಎಂದು ಗೊತ್ತುಮಾಡುವ ಕೆಲಸ. ಮೋಹನರಾಜನಿಗೆ ಆ ಕುರ್ಚಿಯ ಮೇಲೆ ಪ್ರಾಣ. ಮೇಲಿನವರು, "ನೀನೇ ಬಾ ಮಾರಾಯ, ಆದರೆ ಕಾಲೇಜಿನ ಆಲ್ಜೀಬ್ರಾ ಒಂದು ಪಾಸು ಮಾಡಿಕೊಂಡು ಬಾ" ಎಂದಿದ್ದರು. ಎಸೆಸೆಲ್ಸಿಯಲ್ಲಿ ಲೆಕ್ಕಕ್ಕೆ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ದೇವರ ದಯೆಯಿಂದ ಪಾರಾದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆದರೂ ಹೋದ. ಅಲ್ಲಿಯ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಎಂದು ಒಂದು ಪರೀಕ್ಷೆ ಕೊಡುತ್ತಾರೆ, ನೀನು ಯಾವ ಮೆಟ್ಟಿಲ ಮೇಲೆ ಕೂರಬೇಕಾದವನು ಎಂದು ತಿಳಿಯಲಿಕ್ಕೆ. ಅವನನ್ನು ನೋಡಿದ ಕಂಪ್ಯೂಟರು ಹೆಚ್ಚು ಯೋಚನೆ ಮಾಡದೆ ಮೊದಲನೇ ಮೆಟ್ಟಿಲು ತೋರಿಸಿತು: ಇಂಟ್ರೊಡಕ್ಟರಿ ಆಲ್ಜೀಬ್ರಾ. ಪಾಠ ಮುಕ್ಕಾಲು ಪಾಲು ಆನ್‌ಲೈನು. ಮೊದಲ ದಿನವೂ ಕೊನೆಯ ಪರೀಕ್ಷೆಗೂ ಮಾತ್ರ ಕಾಲೇಜಿಗೆ ಹೋದರಾಯಿತು. ಅದಕ್ಕೂ ಮುಂಚೆ ಕಂಪ್ಯೂಟರಿನಲ್ಲೇ ಒಂದು ತಯಾರಿ ಪರೀಕ್ಷೆ ಬರೆದು ಪಾಸಾಗಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಗಡುವು 8/9 ಎಂದು ಹಾಕಿದ್ದರು. ಸೆಪ್ಟೆಂಬರ್ ಎಂಟಕ್ಕೆ ಇನ್ನೂ ಬೇಕಾದಷ್ಟು ಕಾಲವಿದೆ ಎಂದು ಮೋಹನರಾಜ ನೆಮ್ಮದಿಯಾಗಿದ್ದ. ಕ್ಲಾಸು ಶುರುವಾದ ಮೇಲೂ ತಯಾರಾಗಲು ಬಿಡುವ ಕಾಲೇಜಿನ ಉದಾರತೆಯನ್ನು ಮೆಚ್ಚಿಕೊಂಡೂ ಇದ್ದ.

ಹೀಗಿರುವಾಗ ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಡಾಕ್ಟರ್ ಶ್ರೀಕಂಠಯ್ಯನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಪದ್ಮಿನಿಗೆ ಅಂದು ಡ್ಯೂಟಿ. ಮೋಹನರಾಜ ಒಬ್ಬನೇ ಹೋದ. ಶ್ರೀಕಂಠಯ್ಯನವರು ನಿವೃತ್ತ ಹೃದಯತಜ್ಞರು. ಜೀವಮಾನವೆಲ್ಲ ಜನರ ಎದೆಬಡಿತವನ್ನೇ ಕೇಳಿದ್ದರಿಂದಲೋ ಏನೋ, ಈಗ ಅವರಿಗೆ ಬಾಯಿಮಾತು ಅರ್ಧ ಮಾತ್ರ ಕೇಳಿಸುತ್ತದೆ. ಮಿಕ್ಕರ್ಧವನ್ನು ಅವರೇ ತುಂಬಿಕೊಳ್ಳುತ್ತಾರೆ.

"ಏನಪ್ಪಾ ಮೋಹನ್, ರಜದಲ್ಲಿ ಏನ್ ಸಮಾಚಾರ?"

"ಈ ಆಗಸ್ಟಿಂದ ಕಾಲೇಜಲ್ಲಿ ಆಲ್ಜೀಬ್ರಾ ಕ್ಲಾಸ್ ತಗೋತಿದೀನಿ ಸಾರ್."

ಶ್ರೀಕಂಠಯ್ಯನವರ ತುತ್ತು ಅರ್ಧದಲ್ಲೇ ನಿಂತಿತು. "ಕಾಲೇಜಲ್ಲಾ? ಪ್ಲೇಸ್‌ಮೆಂಟ್ ಆಗೋಯ್ತಾ?"

"ಆಯ್ತು ಸಾರ್, ಹೋದ ವಾರ."

ಬೆಂಗಳೂರಿನಲ್ಲಿ ಅಕ್ಕತಂಗಿಯರ ಮಕ್ಕಳಿರುವ ಯಾವ ಹಿರಿಯರಿಗೇ ಆಗಲಿ, ಪ್ಲೇಸ್‌ಮೆಂಟ್ ಎಂದರೆ ಅರ್ಥ ಒಂದೇ. ನೌಕರಿ.

"ಪರ್ಮನೆಂಟಾ?"

"ಇಲ್ಲ ಸಾರ್, ಸದ್ಯಕ್ಕೆ ಒಂದು ಸೆಮಿಸ್ಟರು. ಅದು ಸರಿಹೋದ್ರೆ ಮುಂದಿಂದು."

"ಹೌದಪ್ಪ, ಈ ದೇಶದೋರು ಹಾಗೇನೆ. ನೋಡ್ಕೊಂಡೇ ಮುಂದುವರಿಸೋದು. ದಿನಾ ಹೋಗ್ಬೇಕಾ?"

"ಏನಿಲ್ಲ ಸಾರ್, ಮುಕ್ಕಾಲು ಆನ್‌ಲೈನು. ಮನೇಲೇ ಕೂತ್ಕೊಂಡು."

"ಭೇಷ್!" ಎಂದರು ಶ್ರೀಕಂಠಯ್ಯನವರು. ಮೋಹನರಾಜ ತುಪ್ಪದಲ್ಲಿ ಅದ್ದಿದ ಹೋಳಿಗೆಯ ದೊಡ್ಡ ತುಂಡನ್ನು ಬಾಯಿಗಿಟ್ಟ. ಅದೇ ಗಳಿಗೆಯಲ್ಲಿ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಲ್ರೂ ಕೇಳಿ! ನಮ್ಮ ಮೋಹನರಾಜ ಕಾಲೇಜಲ್ಲಿ ಮ್ಯಾಥ್ಸ್ ಪ್ರೊಫೆಸರ್ ಆಗಿದಾರೆ!"

ಮೋಹನರಾಜ ತಲೆಯಲ್ಲಾಡಿಸಿದ. ಕೈಯಲ್ಲಾಡಿಸಿದ. ಹೋಳಿಗೆ ಅಂಗುಳಿಗೆ ಅಂಟಿಕೊಂಡು ಒಳಗೂ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ಅದನ್ನು ನುಂಗಿ ನೀರು ಕುಡಿಯುವಷ್ಟರಲ್ಲಿ ಊರಿನ ಅರ್ಧ ಎಂಜಿನಿಯರುಗಳು ಬಂದು ಅವನ ಕೈ ಕುಲುಕಿ ಆಗಿತ್ತು. ಶ್ರೀಕಂಠಯ್ಯನವರ ಹೆಂಡತಿ ರಾಜಲಕ್ಷ್ಮಮ್ಮನವರು ಮಿಕ್ಕವರ ಎಲೆಗಳನ್ನು ದಾಟಿಕೊಂಡು ಬಂದು, "ಪ್ರೊಫೆಸರ್‌ಗೆ ಇನ್ನೊಂದು" ಎಂದು ಹೋಳಿಗೆ ಬಡಿಸಿದರು. ಆಗ ಅವನ ಬಾಯಿ ಖಾಲಿಯಿತ್ತು, ಹೇಳಬಹುದಾಗಿತ್ತು. ಹೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಅವನಿಗೆ ಯಾರೂ ಮೊದಲು ಬಡಿಸಿದ್ದಿಲ್ಲ. ಅವನಿಗೆ ತುಂಬ ಸಂತೋಷವಾಯಿತು, ಅಷ್ಟೆ.

ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಪದ್ಮಿನಿ ಬಾಗಿಲಲ್ಲೇ ನಿಂತಿದ್ದಳು.

"ರೀ, ನೀವು ಯಾವಾಗ ಪ್ರೊಫೆಸರ್ ಆದ್ರಿ? ಕಟ್ಕೊಂಡೋಳಿಗೆ ಒಂದು ಮಾತು ಹೇಳ್ಬಾರ್ದಾ?"

"ನಾನೇನೂ ಹೇಳ್ಲಿಲ್ಲ ಕಣೇ. ಕ್ಲಾಸ್ ತಗೋತೀನಿ ಅಂದೆ, ಅವರೇ ತಗೊಂಡ್ಬಿಟ್ರು."

ಕನ್ನಡದಲ್ಲಿ ಕ್ಲಾಸು ತಗೊಳ್ಳುವುದಕ್ಕೆ ಮೂರನೆಯ ಅರ್ಥವೂ ಒಂದುಂಟು. ಮಂತ್ರಿಗಳು ಅಧಿಕಾರಿಗಳಿಗೂ ಹೆಂಡಂದಿರು ಗಂಡಂದಿರಿಗೂ ತಗೊಳ್ಳುವುದು ಆ ಬಗೆಯದು. ಪದ್ಮಿನಿ ಅಂದು ಅದನ್ನು ವಿಸ್ತಾರವಾಗಿ ತಗೊಂಡು, "ನಾಳೆ ಬೆಳಗ್ಗೇನೇ ಹೋಗಿ ನಿಜ ಹೇಳ್ಬನ್ನಿ" ಎಂದು ಮುಗಿಸಿದಳು.

ಮೋಹನರಾಜ ಹೋದ. ಶ್ರೀಕಂಠಯ್ಯನವರು ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದರು.

"ಸಾರ್, ನಾನು ಪ್ರೊಫೆಸರ್ ಅಲ್ಲ. ಬರೀ ಸ್ಟೂಡೆಂಟು" ಎಂದ, ಗಟ್ಟಿಯಾಗಿ, ಕಿವಿಯ ಹತ್ತಿರವೇ.

ಈ ಸಲ ಅವರಿಗೆ ಪೂರ್ತಿ ಕೇಳಿಸಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ರಾಜೀ, ಬಂದು ಕೇಳಿಲ್ಲಿ! ಪ್ರೊಫೆಸರ್ ಆದ್ಮೇಲೂ ನಾನು ಸ್ಟೂಡೆಂಟು ಅಂತಾನೆ ನೋಡು ಈ ಪುಣ್ಯಾತ್ಮ! ನಲವತ್ತು ವರ್ಷ ಜನರ ಎದೆ ಪರೀಕ್ಷೆ ಮಾಡ್ದೆ ಕಣಪ್ಪ, ನನಗೆ ಈ ವಿನಯ ಬರ್ಲಿಲ್ಲ."

"ಹಾಗಲ್ಲ ಸಾರ್! ಎಸೆಸೆಲ್ಸಿಲಿ ಲೆಕ್ಕಕ್ಕೆ ಎರಡು ಸಲ ಫೇಲು ನಾನು!"

"ಫೇಲಾಗಿ ಪ್ರೊಫೆಸರ್ ಆಗೋದು ಇನ್ನೂ ದೊಡ್ಡದಪ್ಪ! ನಮ್ಮ ಮಕ್ಕಳಿಗೆಲ್ಲ ನೀನು ಹೇಳ್ಬೇಕು ಇದನ್ನ."

ಸಂಜೆಯೊಳಗೆ ಇದು ಕನ್ನಡ ಕೂಟದ ವಾಟ್ಸ್ಯಾಪಿನಲ್ಲಿ ಹರಿದಾಡಿತು. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಹ್ಯೂಸ್ಟನ್ನಿನ ಇಂಡಿಯನ್ ಅಂಗಡಿಗಳ ಬೀದಿಯಾದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ತರಕಾರಿ ಕೊಳ್ಳಲು ಹೋದರೆ ಬೆಂಡೆಕಾಯಿ ಮುರಿದು ನೋಡುತ್ತಿದ್ದ ಹೆಂಗಸೊಬ್ಬರು ಮಗಳನ್ನು ಎಳೆತಂದು ಅವನ ಕಾಲಿಗೆ ಬೀಳಿಸಿದರು. ಅಂಗಡಿಯವನು, "ಆಯಿಯೇ ಪ್ರೊಫೆಸರ್ ಸಾಬ್" ಎಂದು ಒಳಗಿನಿಂದ ಕಟ್ಟೊಡೆಯದ ಕೊತ್ತಂಬರಿ ತರಿಸಿಕೊಟ್ಟ. ನಿಜ ಹೇಳಿದಷ್ಟೂ ದೊಡ್ಡವನಾಗುತ್ತಿದ್ದ ಮೋಹನರಾಜನಿಗೆ ಇನ್ನು ಏನು ಹೇಳಬೇಕೆಂದೇ ತೋಚದಾಯಿತು.

ಆದರೆ ಒಬ್ಬನಿಗೆ ಮಾತ್ರ ಅವನು ನಿಜ ಹೇಳಲಿಲ್ಲ. ಅದನ್ನು ಮುಚ್ಚಿಟ್ಟರೆ ಕಥೆಗೆ ಅನ್ಯಾಯವಾದೀತು. ಪ್ರಾಸ್ಪರ್‌ನಿಂದ ಸತೀಶ ಫೋನು ಮಾಡಿದ್ದ.

"ಅಲ್ಲಯ್ಯಾ ಮೋಹನ, ನೀನು ಪ್ರೊಫೆಸರಂತೆ? ಅದೂ ಲೆಕ್ಕದಲ್ಲಿ?" ಎಂದು ಐದು ನಿಮಿಷ ನಕ್ಕ. "ಪಿಎಚ್.ಡಿ. ಇಲ್ದೆ ಹೇಗಯ್ಯಾ ತಗೊಂಡ್ರು ನಿನ್ನ?"

ಆ ನಗುವನ್ನು ಮೋಹನರಾಜನಿಗೆ ಸಹಿಸಲಾಗಲಿಲ್ಲ. "ಈಗ ಹೊಸ ಪದ್ಧತಿ ಸತೀಶ್. ಅನುಭವ ಇದ್ರೆ ಸಾಕು" ಎಂದುಬಿಟ್ಟ.

"ಹೌದಾ? ಒಳ್ಳೇದು, ಒಳ್ಳೇದು" ಎಂದ ಸತೀಶ. ಆ ಎರಡನೆಯ 'ಒಳ್ಳೇದು' ಒಳ್ಳೆಯದಾಗಿರಲಿಲ್ಲ.

ಎರಡು ದಿನಕ್ಕೆ ಆಸ್ಟಿನ್ನಿನಿಂದ ಮಹಾಂತಪ್ಪನವರ ಫೋನು ಬಂತು. ಧಾರವಾಡದ ಕಡೆಯವರು, ಆಸ್ಟಿನ್ ಕನ್ನಡ ಸಂಘದ ಅಧ್ಯಕ್ಷರು. ಪ್ರತಿ ವರ್ಷ ಆಗಸ್ಟಿನ ಎರಡನೇ ಶನಿವಾರ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಅಲ್ಲಿ ಸೇರುವ ವಾಡಿಕೆ.

"ನಮಸ್ಕಾರ್ರೀ ಪ್ರೊಫೆಸರ್ ಸಾಹೇಬ್ರ. ಈ ಸಲ ಮುಖ್ಯ ಅತಿಥಿ ನೀವ ಆಗಬೇಕ್ರಿ. ಹುಡುಗರಿಗೆ ಲೆಕ್ಕದ ಭಯಾ ಬಿಡಸ್ರಿ. ನಿಮ್ಮ ಷಡ್ಡಕರು ಸತೀಶ ಅವರು ನಿಮ್ಮ ಹೆಸರು ಸೂಚಿಸ್ಯಾರ, ನೀವು ಒಲ್ಲೆ ಅನಬ್ಯಾಡ್ರಿ."

"ಇಲ್ಲ ಸಾರ್, ನಾನು ಆ ಥರದೋನಲ್ಲ..."

"ಗೊತ್ತೈತ್ರಿ, ನಿಮ್ಮ ವಿನಯದ ಸುದ್ದಿ ಇಲ್ಲೀಮಟಾ ಬಂದೈತ್ರಿ. ಬ್ಯಾನರ್ ಪ್ರಿಂಟಿಗೆ ಕೊಟ್ಟೇವಿ" ಎಂದು ಅವರು ಫೋನು ಇಟ್ಟೇಬಿಟ್ಟರು.

ಮೋಹನರಾಜ ಊಟ ಬಿಟ್ಟು ಓದಲು ಕೂತ. ತಯಾರಿ ಪರೀಕ್ಷೆಗೂ ಇದೇ ಪಾಠ, ಭಾಷಣಕ್ಕೂ ಇದೇ ಪಾಠ ಎಂಬುದೊಂದು ಸಮಾಧಾನ. ಕಲಿಸುವವಳು ಮಗಳು ಇಶಾ. ಅವಳು ಹೈಸ್ಕೂಲು ಮುಗಿಸುತ್ತಿರುವವಳು. ಕನ್ನಡ ಪೂರಾ ಅರ್ಥವಾದರೂ ಉತ್ತರ ಬಹುಪಾಲು ಇಂಗ್ಲಿಷಿನಲ್ಲಿ.

ಕೂಡಿಸುವುದು, ಕಳೆಯುವುದು ಮೆಲ್ಲಗೆ ನೆನಪಿಗೆ ಬಂತು. ಎಕ್ಸ್ ಎನ್ನುವುದರ ಪರಿಚಯವೂ ಆಯಿತು. ಒಂದೇ ಒಂದು ಕಡೆ ಮಾತ್ರ ಅವನು ಪ್ರತಿ ಸಲವೂ ಮುಗ್ಗರಿಸುತ್ತಿದ್ದ. ಸಮ ಎಂಬ ಚಿಹ್ನೆಯ ಈ ಕಡೆಯ ಸಂಖ್ಯೆ ಆ ಕಡೆಗೆ ಹೋಗುವಾಗ ಕೂಡುವುದು ಕಳೆಯುವುದಾಗಬೇಕು, ಕಳೆಯುವುದು ಕೂಡುವುದಾಗಬೇಕು. ಮೋಹನರಾಜನ ಸಂಖ್ಯೆಗಳು ಹೇಗಿದ್ದವೋ ಹಾಗೆಯೇ ದಾಟಿಬಿಡುತ್ತಿದ್ದವು.

"ಅಪ್ಪ, ಯು ಫರ್ಗಾಟ್ ದ ಸೈನ್. ಅಗೇನ್."

"ಈ ಕಡೆ ಒಳ್ಳೇ ಹುಡುಗನ ಹಾಗೆ ಇದ್ದದ್ದು ಆ ಕಡೆ ಹೋದ ತಕ್ಷಣ ಯಾಕಮ್ಮಾ ಬದಲಾಗ್ಬೇಕು?"

"ಬಿಕಾಸ್ ಯು ಆರ್ ಸಬ್‌ಟ್ರ್ಯಾಕ್ಟಿಂಗ್ ಫ್ರಂ ಬೋತ್ ಸೈಡ್ಸ್! ಅಪ್ಪ, ಪ್ಲೀಸ್, ಜಸ್ಟ್ ಟೆಲ್ ದೆಮ್ ದ ಟ್ರುಥ್."

"ಹೇಳ್ದೆ ಕಣಮ್ಮಾ. ಎಲ್ರಿಗೂ ಹೇಳ್ದೆ. ಯಾರೂ ತಗೊಳ್ಲಿಲ್ಲ."

ಆ ಶನಿವಾರ ಬಂದೇಬಂತು. ಮೋಹನರಾಜ ಸಂಸಾರ ಸಮೇತ ಕಾರಿನಲ್ಲಿ ಆಸ್ಟಿನ್ನಿಗೆ ಹೊರಟ. ದಾರಿಯಲ್ಲಿ ಪೆಟ್ರೋಲಿಗೆಂದು ಒಂದು ಸಣ್ಣ ಊರೊಳಗೆ ತಿರುಗಿದಾಗ ರೈಲಿನ ಹಳಿ ಅಡ್ಡ ಬಂತು. ರೈಲಿರಲಿಲ್ಲ, ಗೇಟೂ ಹಾಕಿರಲಿಲ್ಲ. ಮೋಹನರಾಜ ಗಾಡಿಯನ್ನು ಪೂರ್ತಿ ನಿಲ್ಲಿಸಿ, ತನ್ನ ಪಕ್ಕದ ಬಾಗಿಲು ತೆಗೆದು, ಕಿವಿಗೊಟ್ಟು ಕೇಳಿ, ಎಡಕ್ಕೂ ಬಲಕ್ಕೂ ನೋಡಿದ. ಹಿಂದಿನ ಟ್ರಕ್ಕಿನವನು ಹಾರನ್ನು ಒತ್ತಿಹಿಡಿದ.

"ರೀ! ಇದು ಸ್ಕೂಲ್ ಬಸ್ಸಲ್ಲ, ನಮ್ಮ ಕಾರು!" ಎಂದು ಪದ್ಮಿನಿ ತಲೆ ಹಿಡಿದುಕೊಂಡಳು.

"ಅಭ್ಯಾಸ ಕಣೇ. ಮಕ್ಕಳನ್ನ ಕೂರಿಸ್ಕೊಂಡು ಹಳಿ ಸಿಕ್ಕಲ್ಲೆಲ್ಲ ನಿಲ್ಲಿಸ್ಲೇಬೇಕು. ನಿಲ್ಲಿಸ್ದೆ ಇದ್ರೆ ನನಗೆ ಕಾಲೇ ಬರಲ್ಲ" ಎಂದು ಮೋಹನರಾಜ ಬಾಗಿಲು ಹಾಕಿಕೊಂಡು ಹಳಿ ದಾಟಿದ.

ಆಸ್ಟಿನ್ನಿನ ಶಾಲೆಯೊಂದರ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಬ್ಯಾನರು: 'ಲೆಕ್ಕಕ್ಕೇಕೆ ಹೆದರಿಕೆ? ಪ್ರೊ. ಮೋಹನರಾಜ, ಹ್ಯೂಸ್ಟನ್.' ಮಹಾಂತಪ್ಪನವರು ಅವನ ತಲೆಗೆ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಕಾಲರಿಗೆ ಸಣ್ಣ ಮೈಕು ಸಿಕ್ಕಿಸಿದರು. ಮುಂದಿನ ಸಾಲಿನಲ್ಲಿ ಶ್ರೀಕಂಠಯ್ಯ ದಂಪತಿಗಳು ಹೆತ್ತವರಂತೆ ಬೀಗುತ್ತಿದ್ದರು. ಪಕ್ಕದಲ್ಲಿ ಸತೀಶ ಕಾಲಮೇಲೆ ಕಾಲು ಹಾಕಿ, ಫೋನಿನ ಕ್ಯಾಮೆರಾ ಹಿಡಿದು ಕೂತಿದ್ದ.

"ದೀಪಾ ಹಚ್ಚಿ ಉದ್ಘಾಟನಾ ಮಾಡೋದು ಎಲ್ಲಾರೂ ಮಾಡ್ತಾರ್ರಿ" ಎಂದರು ಮಹಾಂತಪ್ಪನವರು. "ಇಲ್ಲಿ ದೀಪಾ ಹಚ್ಚಿದ್ರ ಫೈರ್ ಅಲಾರ್ಮ್ ಹೊಡಕೋತೈತಿ. ಅದಕ ಸತೀಶ ಅವರು ಒಂದು ಚಲೋ ವಿಚಾರಾ ಹೇಳ್ಯಾರ. ನಮ್ಮ ಪ್ರೊಫೆಸರ್ ಸಾಹೇಬ್ರು ಒಂದು ಲೆಕ್ಕಾ ಬಿಡಿಸಿ ಉದ್ಘಾಟನಾ ಮಾಡ್ತಾರ್ರಿ!"

ಪರದೆ ಸರಿಯಿತು. ಚೆಂಡುಹೂವಿನ ಹಾರ ಹಾಕಿದ ಬಿಳಿ ಬೋರ್ಡು. ಅದರ ಮೇಲೆ ಸತೀಶನ ದುಂಡಕ್ಷರದಲ್ಲಿ: x + 7 = 3.

ಮೋಹನರಾಜ ಬೋರ್ಡಿನ ಬಳಿಗೆ ಹೋದ. ಮಾರ್ಕರು ಹಿಡಿದ. ಏಳು ಆ ಕಡೆ ಹೋಗಬೇಕು. ಹೋಯಿತು. ಹೇಗಿತ್ತೋ ಹಾಗೆಯೇ ಹೋಯಿತು. ಏಳೂ ಮೂರೂ ಹತ್ತು. x = 10 ಎಂದು ಬರೆದು ಸಭೆಯ ಕಡೆ ತಿರುಗಿದ.

ಮೂರು ಊರಿನ ಎಂಜಿನಿಯರುಗಳ ಹುಬ್ಬುಗಳು ಒಟ್ಟಿಗೆ ಮೇಲೆ ಹೋದವು. ಸತೀಶ ಕ್ಯಾಮೆರಾವನ್ನು ಇನ್ನಷ್ಟು ಎತ್ತಿ ಹಿಡಿದ. ಅಷ್ಟರಲ್ಲಿ ಮಹಾಂತಪ್ಪನವರು ತೊಡೆ ತಟ್ಟಿಕೊಂಡರು.

"ನೋಡಿದ್ರೇನ್ರಿ! ಸಾಹೇಬ್ರು ಬೇಕಂತನ ತಪ್ಪು ಬರದಾರ್ರಿ! ಹುಡುಗರು ಹಿಡೀತಾರೋ ಇಲ್ಲೋ ಅಂತ! ಹೇಳ್ರಪಾ ಮಕ್ಕಳ್ರ್ಯಾ, ಸರಿ ಉತ್ತರಾ ಏನು?"

"ಮೈನಸ್ ಫೋರ್!" ಎಂದು ಮಕ್ಕಳು ಕಿರುಚಿದವು. ಚಪ್ಪಾಳೆ ಮುಗಿಲಿಗೇರಿತು. ಶ್ರೀಕಂಠಯ್ಯನವರು ಎದ್ದು ನಿಂತು, "ಇದಪ್ಪಾ ಪಾಠ ಹೇಳೋ ರೀತಿ!" ಎಂದು ಕೂಗಿದರು.

ನಿಜ ಹೇಳಿದರೆ ವಿನಯ, ತಪ್ಪು ಬರೆದರೆ ಪಾಂಡಿತ್ಯ. ಇನ್ನು ಈ ಜನ್ಮದಲ್ಲಿ ತನಗೆ ಪ್ರೊಫೆಸರಿಕೆಯಿಂದ ಬಿಡುಗಡೆಯಿಲ್ಲ ಎಂದು ಮೋಹನರಾಜ ಪೇಟ ಸರಿಮಾಡಿಕೊಂಡ. ಅಷ್ಟರಲ್ಲಿ ವೇದಿಕೆಯ ಬದಿಯಲ್ಲಿ ಲ್ಯಾಪ್‌ಟಾಪು ತೆರೆದು ಅಪ್ಪನ ಭಾಷಣದ ಚಿತ್ರಗಳನ್ನು ಹುಡುಕುತ್ತಿದ್ದ ಇಶಾ ಓಡಿಬಂದಳು. ಕಿವಿಯಲ್ಲಿ ಪಿಸುಗುಟ್ಟಿದಳು. ಕಾಲರಿನ ಮೈಕು ಆ ಪಿಸುಮಾತನ್ನು ಸಭಾಂಗಣದ ಮೂಲೆಮೂಲೆಗೂ ಮುಟ್ಟಿಸಿತು.

"ಅಪ್ಪ! ಯುವರ್ ಕಾಲೇಜ್ ಕ್ವಿಜ್ ಈಸ್ ಡ್ಯೂ ಟುಡೇ! ಐದು ಗಂಟೆಗೆ! ದೆ ವಿಲ್ ಡ್ರಾಪ್ ಯು ಫ್ರಂ ದ ಕ್ಲಾಸ್!"

"ಸೆಪ್ಟೆಂಬರ್ ಎಂಟಲ್ವೇನೇ?"

"ಅಪ್ಪ, ದಿಸ್ ಈಸ್ ಅಮೆರಿಕಾ! ತಿಂಗಳು ಮೊದಲು! ಎಯ್ಟ್ ಸ್ಲ್ಯಾಶ್ ನೈನ್ ಈಸ್ ಆಗಸ್ಟ್ ನೈನ್ತ್!"

ಟೆಕ್ಸಸ್ಸಿಗೆ ಬಂದು ಮೈಲಿ, ಗ್ಯಾಲನ್ನು, ಫ್ಯಾರನ್‌ಹೀಟು ಎಲ್ಲವನ್ನೂ ಕಲಿತ ಮೋಹನರಾಜ ತಾರೀಖನ್ನು ಮಾತ್ರ ಮೈಸೂರಿನಲ್ಲೇ ಬಿಟ್ಟುಬಂದಿದ್ದ. ಗೋಡೆಯ ಗಡಿಯಾರ ನೋಡಿದ. ನಾಲ್ಕೂಕಾಲಾಗಿತ್ತು.

"ಪ್ರೊಫೆಸರ್‌ಗೂ ಕ್ವಿಜ್ ಇರತ್ತಾ?" ಎಂದು ಶ್ರೀಕಂಠಯ್ಯನವರು ಹೆಂಡತಿಯನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. "ಭಾಷಣಾ ಮುಗಿಸಿಬಿಡ್ರಿ ಸರ, ಆಮ್ಯಾಲ ನೋಡೂಣು" ಎಂದರು ಮಹಾಂತಪ್ಪನವರು.

ಒಂದು ಕಡೆ ಪೇಟ, ಇನ್ನೊಂದು ಕಡೆ ಡಿಪೋದ ಕುರ್ಚಿ. ಮೋಹನರಾಜ ಪೇಟವನ್ನು ತೆಗೆದು ಮಹಾಂತಪ್ಪನವರ ಕೈಗೆ ಕೊಟ್ಟ.

"ಎಲ್ರೂ ಕ್ಷಮಿಸ್ಬೇಕು" ಎಂದ. "ನಾನು ಪ್ರೊಫೆಸರ್ ಅಲ್ಲ. ಶಾಲೆಯ ಹಳದಿ ಬಸ್ಸು ಓಡಿಸ್ತೀನಿ. ಕ್ಲಾಸ್ ತಗೋತೀನಿ ಅಂದಿದ್ದು ಕಲಿಯೋದಕ್ಕೆ, ಕಲಿಸೋದಕ್ಕಲ್ಲ. ಸತೀಶ್, ನಿಮಗೆ ಮಾತ್ರ ನಾನು ಬೇಕಂತ ಸುಳ್ಳು ಹೇಳ್ದೆ. ಮತ್ತೆ ಆ ಹತ್ತು ಬರೆದ್ನಲ್ಲ, ಅದು ಬೇಕಂತ ಬರೆದದ್ದಲ್ಲ. ನಿಜವಾಗ್ಲೂ ಹತ್ತು ಅಂದ್ಕೊಂಡೇ ಬರೆದೆ."

ಇಷ್ಟು ದಿನ ಯಾರೂ ನಂಬದ ನಿಜವನ್ನು ಆ ಹತ್ತು ನಂಬಿಸಿತು. ಮೋಹನರಾಜ ಯಾರಿಗೂ ಕಾಯದೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತ. ಅದರ ತಂತಿ ಪ್ರೊಜೆಕ್ಟರಿಗೆ ಸೇರಿತ್ತು. ಪರೀಕ್ಷೆಯ ಮೊದಲ ಪ್ರಶ್ನೆ ಗೋಡೆಯಷ್ಟು ದೊಡ್ಡದಾಗಿ ಎಲ್ಲರ ಮುಂದೆ ಬಂತು. ಇಶಾ ತಂತಿ ಕೀಳಲು ಹೋದಳು.

"ಇರ್ಲಿ ಬಿಡಮ್ಮ" ಎಂದ ಮೋಹನರಾಜ. "ಮುಚ್ಚಿಟ್ಟಿದ್ದು ಸಾಕು."

ಟೆಕ್ಸಸ್ಸಿನ ಕನ್ನಡಿಗರಿಗೆ ಅಂಥ ಕಷ್ಟದ ಗಳಿಗೆ ಹಿಂದೆಂದೂ ಬಂದಿರಲಿಲ್ಲ. ಉತ್ತರ ಗೊತ್ತು, ಹೇಳುವ ಹಾಗಿಲ್ಲ. ಒಬ್ಬ ಎಂಜಿನಿಯರು ಕೂತಲ್ಲೇ ಗಾಳಿಯಲ್ಲಿ ಬೆರಳಿಂದ ಗೀಚತೊಡಗಿದ. ಇನ್ನೊಬ್ಬರು ಬಾಯಿ ತೆರೆದರು. ಪದ್ಮಿನಿ ಎದ್ದು ನಿಂತು, ಐ.ಸಿ.ಯು.ನಲ್ಲಿ ರೋಗಿಗಳ ನೆಂಟರನ್ನು ಅದುಮಿಡುವ ಧ್ವನಿಯಲ್ಲಿ, "ಯಾರೂ ಉಸಿರೆತ್ತಬಾರದು! ಅವರೇ ಮಾಡ್ಬೇಕು, ಅವರೇ ಮಾಡ್ತಾರೆ" ಎಂದಳು. ಶ್ರೀಕಂಠಯ್ಯನವರು ತಾವು ಹೊದ್ದಿದ್ದ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಕೆಲವು ಸರಿಹೋದವು, ಕೆಲವು ಹೋಗಲಿಲ್ಲ. ಕೊನೆಯ ಲೆಕ್ಕಕ್ಕೆ ಬರುವಾಗ ಪಾಸಾಗಲು ಅದೊಂದು ಸರಿಯಾಗಲೇಬೇಕು ಎಂಬ ಸ್ಥಿತಿ. 2x + 9 = 3.

ಮತ್ತೆ ಅದೇ. ಒಂಬತ್ತು ಆ ಕಡೆ ಹೋಗಬೇಕು. ಮೋಹನರಾಜ ತಲೆಯೆತ್ತಿ ಗೋಡೆಯನ್ನು ನೋಡಿದ. ಗೋಡೆಯ ಮೇಲೆ ಸಮ ಚಿಹ್ನೆ ಆಳುದ್ದ ಬಿದ್ದಿತ್ತು. ಒಂದರ ಪಕ್ಕ ಒಂದು, ಎರಡು ಉದ್ದನೆಯ ಗೆರೆಗಳು. ಅವನು ಕಣ್ಣು ಕಿರಿದು ಮಾಡಿದ. ಅದು ರೈಲಿನ ಹಳಿ! ಇಷ್ಟು ದಿನ ಅವನು ಮಕ್ಕಳನ್ನು ಕೂರಿಸಿಕೊಂಡು ಹಳಿಯ ಮೇಲೆ ನಿಲ್ಲಿಸದೆ ಬಸ್ಸು ನುಗ್ಗಿಸುತ್ತಿದ್ದ!

"ಅಯ್ಯಯ್ಯೋ" ಎಂದ. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಆಮೇಲೆ ಅವನ ಬಲಗಾಲು ಮೇಜಿನಡಿಯಲ್ಲಿ ಬ್ರೇಕು ಒತ್ತಿತು. ಒಂಬತ್ತು ನಿಂತಿತು. ಅವನು ಕಿವಿಗೊಟ್ಟು ಕೇಳಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಕೂಡು ಅಂತ ಬಂದಿದೀಯ, ಕಳೆ ಅಂತ ದಾಟು" ಎಂದು ಒಂಬತ್ತಕ್ಕೆ ಹೇಳಿ, ಮೆಲ್ಲಗೆ ದಾಟಿಸಿದ. ಮೂರರಲ್ಲಿ ಒಂಬತ್ತು ಕಳೆದರೆ ಮೈನಸ್ ಆರು. ಅದರ ಅರ್ಧ ಮೈನಸ್ ಮೂರು. ಬರೆದ. ಒತ್ತಿದ.

ಗೋಡೆಯ ತುಂಬ ಹಸಿರು ಹರಡಿತು. ಪಾಸು.

ಮುಂದಿನ ಗದ್ದಲಕ್ಕೆ ಆಸ್ಟಿನ್ನಿನ ಆ ಫೈರ್ ಅಲಾರ್ಮು ಹೊಡೆದುಕೊಳ್ಳದಿದ್ದದ್ದೇ ಹೆಚ್ಚು. ಮಕ್ಕಳು ಕುರ್ಚಿಗಳ ಮೇಲೆ ಹತ್ತಿ ಕುಣಿದವು. ಮಹಾಂತಪ್ಪನವರು, "ನನಗ ಹಳದಿ ಬಸ್ಸಿನ ಡ್ರೈವರ್ರು ಮುಖ್ಯ ಅತಿಥಿ ಆದ್ರ ಸಾಕ್ರಿ!" ಎಂದು ಪೇಟವನ್ನು ಮತ್ತೆ ಅವನ ತಲೆಗೇ ಇಟ್ಟರು. ಶ್ರೀಕಂಠಯ್ಯನವರು ಬಾಯಿಂದ ಶಾಲು ತೆಗೆಯುವುದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದರು. ಪದ್ಮಿನಿ ಅಳುತ್ತಿದ್ದಳು, ಕೇಳಿದವರಿಗೆ ಎ.ಸಿ. ಗಾಳಿ ಎಂದಳು. ಸತೀಶ ಫೋನನ್ನು ಜೇಬಿಗಿಟ್ಟು ವೇದಿಕೆ ಹತ್ತಿ ಬಂದ.

"ನಾನಾಗಿದ್ರೆ ಇಷ್ಟು ಜನರ ಮುಂದೆ ಪರೀಕ್ಷೆ ಬರೀತಿರ್ಲಿಲ್ಲ ಕಣಯ್ಯಾ" ಎಂದ. "ಟ್ರಾನ್ಸ್‌ಪೋರ್ಟೇಶನ್ ಅಂತ ಹೇಳು ಅಂದಿದ್ದೆನಲ್ಲ, ಅದು ಬೇಡ ಬಿಡು. ಬಸ್ಸು ಅಂತಲೇ ಹೇಳು."

ಎಲ್ಲರೂ ಊಟಕ್ಕೆ ಎದ್ದ ಮೇಲೆ ರಾಜಲಕ್ಷ್ಮಮ್ಮನವರು ಅವನನ್ನು ಪಕ್ಕಕ್ಕೆ ಕರೆದರು. ಮದುವೆಗೆಂದು ಕಾಲೇಜನ್ನು ಅರ್ಧದಲ್ಲಿ ಬಿಟ್ಟವರು. ಡಾಕ್ಟರರ ಹೆಂಡತಿ ಎಂಬ ಒಂದೇ ಡಿಗ್ರಿಯಲ್ಲಿ ಜೀವಮಾನ ಕಳೆದವರು.

"ಮೋಹನ್, ಆ ಕಾಲೇಜಲ್ಲಿ ನನ್ನಂಥ ಮುದುಕೀರನ್ನೂ ತಗೋತಾರೇನಪ್ಪಾ?"

"ತಗೋಬೇಕಾದೋರು ಅವರಲ್ಲ ಆಂಟಿ, ನೀವು" ಎಂದ ಮೋಹನರಾಜ. "ಕ್ಲಾಸ್ ತಗೊಳ್ಳಿ."

ಡಿಸೆಂಬರಿನಲ್ಲಿ ಮೋಹನರಾಜ ಆಲ್ಜೀಬ್ರಾ ಪಾಸಾದ. ಡಿಪೋದ ಕುರ್ಚಿಯೂ ಬಂತು. ಅವನು ಹಾಕಿಕೊಡುವ ದಾರಿಗಳಲ್ಲಿ ರೈಲಿನ ಹಳಿಗಳು ಅಡ್ಡ ಬರುವುದು ಬಹಳ ಕಡಿಮೆ ಎಂದು ಡ್ರೈವರುಗಳು ಹೊಗಳುತ್ತಾರೆ. ಸಂಕ್ರಾಂತಿಗೆ ಶ್ರೀಕಂಠಯ್ಯನವರ ಮನೆಯಲ್ಲಿ ಎಳ್ಳು ಬೀರುವಾಗ ಬೆಂಗಳೂರಿನಿಂದ ಹೊಸದಾಗಿ ಬಂದ ಸಂಸಾರವೊಂದು ಸಿಕ್ಕಿತು.

"ಆಂಟಿ ಕಾಣಿಸ್ತಿಲ್ಲ?" ಎಂದು ಆ ಸಂಸಾರದ ಯಜಮಾನ ಕೇಳಿದ.

"ಒಳಗಿದಾರೆ" ಎಂದರು ಶ್ರೀಕಂಠಯ್ಯನವರು ಹೆಮ್ಮೆಯಿಂದ. "ಲ್ಯಾಪ್‌ಟಾಪ್ ಮುಂದೆ. ಈ ತಿಂಗಳಿಂದ ಕಾಲೇಜಲ್ಲಿ ಆಲ್ಜೀಬ್ರಾ ಕ್ಲಾಸ್ ತಗೋತಿದಾರೆ." ಹೇಳಿ ಒಂದು ಹಿಡಿ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡರು. ಕೊಬ್ಬರಿ ಗಟ್ಟಿಯಿತ್ತು.

"ಅಬ್ಬಾ! ಈ ವಯಸ್ಸಲ್ಲೂ ಪ್ರೊಫೆಸರಾ! ಕೇಳಿದ್ಯೇನೇ, ಆಂಟಿ ಮ್ಯಾಥ್ಸ್ ಪ್ರೊಫೆಸರಂತೆ!"

ಶ್ರೀಕಂಠಯ್ಯನವರು ತಲೆಯಲ್ಲಾಡಿಸಿದರು. ಕೈಯಲ್ಲಾಡಿಸಿದರು. ಕೊಬ್ಬರಿಯನ್ನು ಅವಸರವಸರವಾಗಿ ಅಗಿಯುತ್ತ ಮೋಹನರಾಜನ ಕಡೆ ದೀನರಾಗಿ ನೋಡಿದರು. ಮೋಹನರಾಜ ಎದ್ದು ಬಂದು ಅವರ ಬೊಗಸೆಗೆ ಇನ್ನಷ್ಟು ಎಳ್ಳುಬೆಲ್ಲ ಸುರಿದ.